ಒಂದು ವಾರದ ತಂತಿ

ಕೆಳಗಿನ ಮಹಡಿಯಲ್ಲಿ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳತೊಡಗಿದವು. ಒಂದು ನಿಂತರೆ ಇನ್ನೊಂದು, ಅದರ ಬೆನ್ನಿಗೇ ಮತ್ತೆ ಮೂರು. ನಿಬಿಯಾ ಲರ್ರೋಸಾ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. ಮೊಂತೆವಿದೆಯೊದ ಜೂನ್ ಚಳಿಗಾಲದ ಗಾಳಿಗೆ ಅವಳ ಕಿವಿ, ಮೂಗು ಕೆಂಪಗಾಗಿದ್ದವು. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ ಎಲೆಯ ಕಷಾಯವನ್ನು ಲೋಹದ ಕೊಳವೆಯಿಂದ ಹೀರುವ ಸೋರೆಬುರುಡೆ. ಇಪ್ಪತ್ತಾರು ವರ್ಷ ಈ ಆಸ್ಪತ್ರೆ ಸಂಘದ ಕಟ್ಟಡದಲ್ಲಿ ದುಡಿದವಳಿಗೆ ಫೋನಿನ ಸದ್ದನ್ನು ಓದಲು ಬರುತ್ತಿತ್ತು. ಒಂದೊಂದಾಗಿ ಕರೆದರೆ ಯಾರಿಗೋ ಡಾಕ್ಟರ ಸಮಯ ಬೇಕು. ಹೀಗೆ ಬೆದರಿದ ಮಂದೆಯ ಹಾಗೆ ಕೂಗಿದರೆ ಏನೋ ಮುರಿದಿದೆ. ಮತ್ತು ಈ ಕಟ್ಟಡದಲ್ಲಿ ಮುರಿಯುವಂಥ ಕಂಪ್ಯೂಟರ್ ಪ್ರೋಗ್ರಾಮುಗಳನ್ನೆಲ್ಲ ಕಟ್ಟಿದವಳು ಅವಳೇ.

ಫೋನಿನ ಕೋಣೆಯ ಬಾಗಿಲಲ್ಲಿ ಸುಲ್ಮಾ ಎರಡೂ ಕೈಯಲ್ಲಿ ಎರಡು ರಿಸೀವರ್ ಹಿಡಿದು ನಿಂತಿದ್ದಳು.

"ಬಂದ್ಯಾ ತಾಯಿ? ತಗೋ, ಇವರಿಗೆ ನೀನೇ ಉತ್ತರ ಹೇಳು. ವ್ಯಾನು ಬಂದಿಲ್ವಂತೆ. ಯಾರಿಗೂ ಬಂದಿಲ್ವಂತೆ!"

"ಯಾವ ವ್ಯಾನು?"

"ಡಯಾಲಿಸಿಸ್ ವ್ಯಾನು ಕಣೇ! ಐದೂವರೆಯಿಂದ ಕಾಯ್ತಿದಾರೆ. ಈಗ ಗಂಟೆ ಎಷ್ಟು ನೋಡು."

ಏಳೂ ಮುಕ್ಕಾಲು. ನಿಬಿಯಾ ರಿಸೀವರನ್ನು ಕಿವಿಗಿಟ್ಟಳು. ಆ ಕಡೆ ಗಾಳಿಯ ಸದ್ದು, ಅದರೊಳಗೊಂದು ಮುದಿ ದನಿ.

"ಮಗಳೇ, ನಾನು ಎಲ್ಬಿಯಾ. ಸೆರ್ರೊ ಗುಡ್ಡದ ಎಲ್ಬಿಯಾ ಮೊರೇರಾ. ನನ್ನ ಹೆಸರು ಏನಾದ್ರೂ ಸತ್ತೋರ ಪಟ್ಟಿಗೆ ಸೇರಿಸಿಬಿಟ್ರಾ ಅಂತ ಕೇಳೋಣ ಅಂತ ಮಾಡಿದೆ."

"ದೋನ್ಯಾ ಎಲ್ಬಿಯಾ, ನೀವು ಮನೆ ಹೊರಗೆ ನಿಂತಿದ್ದೀರಾ?"

"ಇನ್ನೆಲ್ಲಿ ನಿಲ್ಲಲಿ? ಹಾರ್ನ್ ಹೊಡೀಬೇಡ, ಪಕ್ಕದ್ಮನೆ ಕೂಸು ಏಳುತ್ತೆ ಅಂತ ಡ್ರೈವರ್‌ಗೆ ನಾನೇ ಹೇಳಿದೀನಿ. ಅದಕ್ಕೇ ಹೊರಗೆ ನಿಲ್ಲೋದು."

"ಒಳಗೆ ಹೋಗಿ ಕೂತ್ಕೊಳ್ಳಿ. ನಾನು ಟ್ಯಾಕ್ಸಿ ಕಳಿಸ್ತೀನಿ."

"ಒಳಗೆ ಹೋದ್ಮೇಲೆ ಬಂದ್ಬಿಟ್ರೆ?"

ಎಪ್ಪತ್ತೊಂದರ ಹೆಂಗಸು, ಶುಕ್ರವಾರದಿಂದ ಸೋಮವಾರದವರೆಗಿನ ನೀರು, ವಿಷ ಎಲ್ಲವನ್ನೂ ಮೈಯಲ್ಲಿ ತುಂಬಿಕೊಂಡು ಗಾಳಿಗೆ ನಿಂತು, ಪಕ್ಕದ ಮನೆಯ ಕೂಸಿನ ನಿದ್ದೆ ಕಾಯುತ್ತಿದ್ದಾಳೆ.

ಮೇಲಕ್ಕೆ ಓಡಿದಳು. ಕೋಟು ತೆಗೆಯದೆಯೇ ಕಂಪ್ಯೂಟರ್ ತೆರೆದಳು. ವ್ಯಾನುಗಳ ಪಟ್ಟಿ ಬೆಳಗಿನ ನಾಲ್ಕೂವರೆಗೆ ಎಂದಿನಂತೆ ತಯಾರಾಗಿ, ಎಂದಿನಂತೆ ಡ್ರೈವರುಗಳಿಗೆ ಹೋಗಿತ್ತು. ಅದರಲ್ಲಿ ಒಂದೇ ಸಾಲಿತ್ತು: ಇಂದಿನ ಪ್ರಯಾಣಿಕರು, ಸೊನ್ನೆ. ಮೂವತ್ತೆಂಟು ಜನ ಬಾಗಿಲಲ್ಲಿ ಕಾಯುತ್ತಿರುವಾಗ ಹಾಳೆ ತಣ್ಣಗೆ ಸೊನ್ನೆ ಎಂದಿತ್ತು. ಕಾರ್ನಿವಲ್ಲಿನ ಸೋಮವಾರ ಒಮ್ಮೆ ಪಾಳಿ ಬದಲಾಗಿ ಪಟ್ಟಿ ಹೀಗೇ ಖಾಲಿ ಬಂದಿತ್ತು. ಇವತ್ತೂ ಹಾಗೇ ಏನೋ ಇರಬೇಕೆಂದು ಡ್ರೈವರುಗಳು ಶೆಡ್ಡಿನಲ್ಲಿ ಹೀಟರಿನ ಸುತ್ತ ಕೂತು ಇಸ್ಪೀಟಾಡುತ್ತಿದ್ದರು.

ಮೊದಲು ವ್ಯಾನು, ಟ್ಯಾಕ್ಸಿ, ಬಿಡುವಿದ್ದ ಆಂಬುಲೆನ್ಸು, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕಳಿಸಿದರು. ಸುಲ್ಮಾ ಒಬ್ಬೊಬ್ಬರ ವಿಳಾಸವನ್ನೂ ಕೇಳಿ ಕೇಳಿ ಕೈಯಲ್ಲೇ ಬರೆದಳು. ಒಂಬತ್ತೂವರೆಯ ಹೊತ್ತಿಗೆ ಮೂವತ್ತೆಂಟೂ ಜನ ಆಸ್ಪತ್ರೆಯೊಳಗಿದ್ದರು, ಆದರೆ ಅವರ ಯಂತ್ರಗಳ ಮುಂದೆ ಆಗಲೇ ಎರಡನೇ ಪಾಳಿಯವರು ಬಂದು ಕೂತಿದ್ದರು. ತಡವಾದವರು ಸಂಜೆಯವರೆಗೆ ಕಾಯಬೇಕು.

ಆಮೇಲೆ ನಿಬಿಯಾ ಕಾರಣ ಹುಡುಕಿದಳು. ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಕಾರಣ ಕಂಡದ್ದೇ ಕೋಪದಿಂದ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು.

ಪಕ್ಕದ ಮೇಜಿನ ಎಬೆರ್ ತೆಚೆರಾ ಸದಸ್ಯರ ಕಾರ್ಡುಗಳ ಪ್ರೋಗ್ರಾಮು ನೋಡಿಕೊಳ್ಳುವವನು. ನಲವತ್ತರ ಬೋಳುತಲೆಯ, ಮಿತಮಾತಿನ ಮನುಷ್ಯ. ಸೇರಿ ಎರಡು ವರ್ಷವಾಗಿತ್ತು. ಇವತ್ತು ಅವನ ಮುಖ ಸುಣ್ಣದ ಗೋಡೆಯಂತಿತ್ತು.

"ನಾನು ಶನಿವಾರ ವಿಳಾಸದ ಕಾಲಮ್ಮನ್ನ ಎರಡು ಮಾಡ್ದೆ, ನಿಬಿಯಾ. ಬೀದಿ ಬೇರೆ, ಮನೆ ನಂಬರು ಬೇರೆ. ಆದ್ರೆ ನನ್ನ ಪ್ರೋಗ್ರಾಮಿನ ಬಾಗಿಲಿಗೆ ಬಂದು ಯಾರೇ ಕೇಳಿದ್ರೂ ಹಳೇ ಥರಾನೇ ಜೋಡಿಸಿ ಕೊಡುತ್ತೆ. ಎಲ್ಲಾ ಪರೀಕ್ಷೆ ಮಾಡಿದೀನಿ. ವ್ಯಾನಿನ ಪ್ರೋಗ್ರಾಮು ಬಾಗಿಲಿಗೆ ಬರದೆ, ಹಿಂದಿನಿಂದ ನನ್ನ ಮಾಹಿತಿಯ ಉಗ್ರಾಣಕ್ಕೇ ಕೈ ಹಾಕಿ ತಗೊಳ್ತಿತ್ತು. ಅದು ನನಗೆ ಹೆಂಗೆ ಗೊತ್ತಾಗ್ಬೇಕು?"

"ಗೊತ್ತಾಗೋಕೆ ಸಾಧ್ಯ ಇರ್ಲಿಲ್ಲ."

"ಯಾರು ಬಿಟ್ಟಿದ್ದು ಹಂಗೆ?"

ನಿಬಿಯಾ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಕೊನೆಯ ಗುಂಡಿ ಬಿಚ್ಚಿದ ಮೇಲೆ ಹೇಳಿದಳು.

"ನಾನು."

ಈ ಕೋಪ ಅವಳಿಗೆ ಹಳೆಯದು, ಬಾರ್ರಿಯೊ ಸೂರ್ ಕೇರಿಯ ವಠಾರದಲ್ಲಿ ಹುಟ್ಟಿದ್ದು. ಅಲ್ಲಿ ಅಂಗಳದ ಸುತ್ತ ಹನ್ನೊಂದು ಕೋಣೆ, ಹನ್ನೊಂದು ಸಂಸಾರ. ಪ್ರತಿ ಕೋಣೆಗೂ ನಲ್ಲಿಯಿತ್ತು, ಆದರೆ ನೀರು ನಿಲ್ಲಿಸುವ ವಾಲ್ವು ಮಾತ್ರ ಅಂಗಳದ ನಡುವಿನ ಕಲ್ಲಿನಡಿ ಒಂದೇ ಒಂದು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ, ಚಳಿಗಾಲದಲ್ಲಿ, ಏಳನೇ ಕೋಣೆಯ ಪೈಪು ಒಡೆಯಿತು. ಒಂದು ಕೋಣೆಯ ಸೋರಿಕೆ ನಿಲ್ಲಿಸಲು ಹನ್ನೊಂದು ಕೋಣೆಯ ನೀರನ್ನೂ ನಿಲ್ಲಿಸಿದರು. ಅಜ್ಜಿ ಹಾಸಿಗೆ ಹಿಡಿದಿದ್ದಳು. ಅವಳ ಬಟ್ಟೆ ಒಗೆಯಲು ತಾಯಿ ನಾಲ್ಕು ದಿನ ಬೀದಿಯಾಚೆಯ ಬೇಕರಿಯಿಂದ ಬಕೆಟ್ಟುಗಳಲ್ಲಿ ನೀರು ಹೊತ್ತಳು. ವಠಾರಕ್ಕೆ ವಠಾರವೇ ಏಳನೇ ಕೋಣೆಯವರ ಮೇಲೆ ಹಲ್ಲು ಕಡಿಯಿತು. ಆ ಮನೆಯ ಹೆಂಗಸು ಅಂಗಳಕ್ಕೆ ಬರುವಾಗ ತಲೆ ತಗ್ಗಿಸುತ್ತಿದ್ದಳು. ಪುಟ್ಟ ನಿಬಿಯಾ ಕಲ್ಲಿನ ಮೇಲೆ ಕೂತು ವಾಲ್ವನ್ನೇ ನೋಡುತ್ತಿದ್ದಳು. ಪೈಪು ಎಲ್ಲರ ಮನೆಯಲ್ಲೂ ಒಡೆಯುತ್ತದೆ. ಕೋಣೆಗೊಂದು ವಾಲ್ವು ಇಡದವನನ್ನು ಯಾಕೆ ಯಾರೂ ಬಯ್ಯುತ್ತಿಲ್ಲ?

ಅದೇ ಪ್ರಶ್ನೆ ಹೊತ್ತುಕೊಂಡು ಅವಳು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದಿ, ಈ ಸಂಘಕ್ಕೆ ಸೇರಿದಳು. ಆಗ ಇಲ್ಲಿ ಇದ್ದದ್ದು ಒಂದೇ ಒಂದು ದೊಡ್ಡ ಪ್ರೋಗ್ರಾಮು. ಎಲ್ಲರೂ ಅದನ್ನು ಮುದುಕಿ ಎನ್ನುತ್ತಿದ್ದರು. ಡಾಕ್ಟರ ಸಮಯ, ಔಷಧಿ, ರಕ್ತಪರೀಕ್ಷೆ, ಕಾರ್ಡು, ವ್ಯಾನು, ಹಾಸಿಗೆ, ಎಲ್ಲ ಮುದುಕಿಯ ಸೆರಗಿನಲ್ಲೇ. ಕಣ್ಣಿನ ವಿಭಾಗದ ಒಂದು ಅರ್ಜಿ ತಿದ್ದಿದರೆ ಔಷಧಿ ಅಂಗಡಿಯ ಯಂತ್ರ ಕೈಕಟ್ಟಿ ಕೂರುತ್ತಿತ್ತು. ಯಾವುದಕ್ಕೆ ಯಾವುದು ಕಟ್ಟಿದೆ ಎಂದು ತಿಳಿದವರು ಯಾರೂ ಉಳಿದಿರಲಿಲ್ಲ. ಮುಟ್ಟಲು ಎಲ್ಲರಿಗೂ ಭಯ.

ನಿಬಿಯಾ ಮೂರು ವರ್ಷ ಕೂತು ಮುದುಕಿಯನ್ನು ಆರು ಪಾಲು ಮಾಡಿದಳು. ಆರೂ ಸ್ವಂತ ಕಾಲಿನ ಮೇಲೆ ನಿಲ್ಲುವ ಮನೆಗಳು. ಪ್ರತಿಯೊಂದಕ್ಕೂ ತನ್ನದೇ ಉಗ್ರಾಣ, ತನ್ನದೇ ಯಜಮಾನ, ಹೊರಗಿನವರಿಗೆ ಒಂದು ಬಾಗಿಲು. ಬೇಕಾದ್ದನ್ನು ಬಾಗಿಲಲ್ಲಿ ನಿಂತು ಕೇಳು, ಒಳಗೆ ಕೈ ಹಾಕಬೇಡ ಎಂಬುದೊಂದೇ ಕಾನೂನು. ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಾಫಿ ಸಿಂಕಿನ ಮೇಲೆ ಅಂಟಿಸಿದಳು. ಮೊದಲ ಸಭೆಯಲ್ಲಿ ಯಾರಿಗೂ ಅರ್ಥವಾಗದಿದ್ದಾಗ, ಸುತ್ತು ಬರುತ್ತಿದ್ದ ಮಾಟೆಯ ಬುರುಡೆಯನ್ನು ಎತ್ತಿ ತೋರಿಸಿದಳು.

"ಇದರಲ್ಲಿ ಎಲ್ಲರೂ ಹೀರ್ತೀವಿ. ಆದ್ರೆ ನೀರು ಹೊಯ್ಯೋನು ಒಬ್ಬನೇ. ಕೊಳವೆ ಮುಟ್ಟೋನು ಅವನೊಬ್ಬನೇ. ನೀವೊಬ್ಬೊಬ್ರೂ ಒಂದೊಂದ್ಸಲ ಕೊಳವೆ ಅಲ್ಲಾಡಿಸಿದ್ರೆ ಏನಾಗುತ್ತೆ?"

"ಕಟ್ಕೊಳ್ಳುತ್ತೆ," ಎಂದು ಎಲ್ಲರೂ ಒಟ್ಟಿಗೆ ಕೂಗಿದ್ದರು. ಆಮೇಲೆ ವಿವರಣೆಯೇ ಬೇಕಾಗಲಿಲ್ಲ.

ಆ ಕಾನೂನನ್ನು ಮುರಿದದ್ದೂ ಮಾಟೆಯ ಮುಂದೆಯೇ. ನಾಲ್ಕು ವರ್ಷದ ಹಿಂದೆ ಡಯಾಲಿಸಿಸ್ಸಿನ ಹೊಸ ಕೋಣೆ ತೆರೆಯುವ ಗಡಿಬಿಡಿ. ಕಾರ್ಡಿನ ಬಾಗಿಲಲ್ಲಿ ಒಂದೊಂದೇ ವಿಳಾಸ ಕೇಳಿ ಪಟ್ಟಿ ಮಾಡಲು ವ್ಯಾನಿನ ಪ್ರೋಗ್ರಾಮಿಗೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಕುರ್ಬೆಲೊ ಫ್ಲಾಸ್ಕು ಹಿಡಿದು ಬಂದು ಅವಳ ಮೇಜಿನ ಅಂಚಿಗೆ ಕೂತ. ಮಾಟೆ ಹೊಯ್ದು ಕೊಟ್ಟ, ಅವಳು ಹೀರಿ ಹಿಂದಿರುಗಿಸಿದಳು, ಮತ್ತೆ ಹೊಯ್ದ. ಹಿಂದಿರುಗಿಸುವಾಗ 'ಗ್ರಾಸಿಯಾಸ್' ಅನ್ನುವವರೆಗೆ, ಅಂದರೆ ಸಾಕು, ಇನ್ನು ಬೇಡ ಅನ್ನುವವರೆಗೆ, ಆ ಸುತ್ತು ನಿಲ್ಲುವುದಿಲ್ಲ. ಸುತ್ತಿನ ನಡುವೆ ಯಾರೂ ಯಾರಿಗೂ ಇಲ್ಲ ಎನ್ನುವುದೂ ಇಲ್ಲ.

"ಒಂದ್ವಾರ ಕಣೇ. ನೇರವಾಗಿ ಒಳಗಿಂದ ಓದ್ಕೊಳ್ಳಲಿ. ತಂತಿಯಲ್ಲಿ ಕಟ್ಟಿಬಿಡೋಣ, ಆಮೇಲೆ ಬಿಚ್ಚಿದ್ರಾಯ್ತು."

ಅವರ ಊರಿನಲ್ಲಿ ಬಸ್ಸಿನ ಬಂಪರಿನಿಂದ ಹಿಡಿದು ಸರ್ಕಾರದ ಇಲಾಖೆಯವರೆಗೆ ತಾತ್ಕಾಲಿಕವಾಗಿ ರಿಪೇರಿಯಾದದ್ದೆಲ್ಲವೂ ತಂತಿಯಲ್ಲಿ ಕಟ್ಟಿದ್ದೇ. ನಾಲ್ಕನೇ ಬುರುಡೆಗೆ ನಿಬಿಯಾ ಆಗಲಿ ಎಂದಳು. ಕಾಗದವಿಲ್ಲ, ದಿನಾಂಕವಿಲ್ಲ. ವಾರ ಕಳೆಯಿತು, ತಂತಿ ಕೆಲಸ ಮಾಡುತ್ತಿತ್ತು. ಕೆಲಸ ಮಾಡುವ ತಂತಿಯನ್ನು ಯಾರು ಬಿಚ್ಚುತ್ತಾರೆ? ಮೆಲ್ಲಗೆ ಅವಳೂ ಮರೆತಳು. ಸಿಂಕಿನ ಮೇಲಿನ ಕಾಗದ ಆವಿಗೆ ಹಳದಿಯಾಯಿತು.

ಮಧ್ಯಾಹ್ನ ಅವಳು ಡಯಾಲಿಸಿಸ್ ವಿಭಾಗಕ್ಕೆ ಇಳಿದು ಹೋದಳು. ಎಲ್ಬಿಯಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಮುಖ ಊದಿತ್ತು. ಕಾಲಿನ ಊತಕ್ಕೆ ಬೂಟಿನ ದಾರಗಳನ್ನು ಬಿಚ್ಚಿಟ್ಟಿದ್ದರು. ತೊಡೆಯ ಮೇಲೆ ಕೈಚೀಲ, ಚೀಲದಲ್ಲಿ ಬಟ್ಟೆಯಲ್ಲಿ ಸುತ್ತಿದ ಬಿಸ್ಕತ್ತು.

"ನೀನೇನಾ ಫೋನಿನವಳು? ದನಿ ಕೇಳಿ ಇನ್ನೂ ಚಿಕ್ಕೋಳು ಅಂದ್ಕೊಂಡಿದ್ದೆ."

"ದೋನ್ಯಾ ಎಲ್ಬಿಯಾ, ಬೆಳಿಗ್ಗೆ ಆಗಿದ್ದಕ್ಕೆ ನನ್ನನ್ನ ಕ್ಷಮಿಸಿ..."

"ಬಿಡು, ಕ್ಷಮೆ ಕೇಳೋಕೆ ಬೆಳಿಗ್ಗೆಯಿಂದ ಮೂರು ಜನ ಬಂದು ಹೋದ್ರು. ಒಬ್ಬ ಟೈ ಬೇರೆ ಕಟ್ಟಿದ್ದ. ಬುಧವಾರ ವ್ಯಾನು ಬರುತ್ತಾ? ಅದು ಹೇಳು."

"ಬರುತ್ತೆ."

"ಟೈ ಕಟ್ಟಿದೋನೂ ಹಂಗೇ ಅಂದ." ಎಲ್ಬಿಯಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕೆ ಬರ್ಲಿಲ್ಲ ಅಂತ ಕೇಳಿದ್ರೆ ಮಾತ್ರ ಮೇಲೆ ಕೆಳಗೆ ನೋಡಿದ. ನಿಂಗೆ ಗೊತ್ತಾ?"

"ಗೊತ್ತು. ಒಂದು ವಾರಕ್ಕೆ ಅಂತ ನಾನು ಕಟ್ಟಿದ ತಂತಿ, ನಾಲ್ಕು ವರ್ಷ ಹಂಗೇ ಬಿಟ್ಟೆ."

"ಓ, ತಂತಿ." ಎಲ್ಬಿಯಾ ತಲೆಯಾಡಿಸಿದಳು, ಈ ದೇಶದಲ್ಲಿ ಎಪ್ಪತ್ತೊಂದು ವರ್ಷ ಬದುಕಿದವರು ಆಡಿಸುವ ಹಾಗೆ. "ಹಂಗಾದ್ರೆ ಇಲ್ಲೇನು ನಿಂತಿದೀಯ? ಹೋಗಿ ಬಿಚ್ಚು."

ಮೆಟ್ಟಿಲೇರುವಾಗ ನಿಬಿಯಾ ಹಲ್ಲು ಕಚ್ಚಿಕೊಂಡಿದ್ದಳು. ತನ್ನ ಮೇಲಿನ ಸಿಟ್ಟು, ಅದಕ್ಕಿಂತ ಹೆಚ್ಚಾಗಿ ಆ ತಣ್ಣಗಿನ ಸೊನ್ನೆಯ ಮೇಲಿನ ಸಿಟ್ಟು. ವಿಳಾಸ ಸಿಗದಿದ್ದರೆ ಕೂಗಬೇಕಿದ್ದ ಪ್ರೋಗ್ರಾಮು, ರೋಗಿಯೇ ವ್ಯಾನು ಬೇಡವೆಂದಿದ್ದಾನೆ ಅಂದುಕೊಂಡು ಒಬ್ಬೊಬ್ಬರನ್ನೇ ಸದ್ದಿಲ್ಲದೆ ಕೈಬಿಟ್ಟಿತ್ತು. ಒಬ್ಬರಾದ ಮೇಲೊಬ್ಬರು, ಮೂವತ್ತೆಂಟು ಸಲ.

ಮೇಜಿಗೆ ಬಂದು ಕೂತವಳು ಮೊದಲು ಮಾಡಿದ ಕೆಲಸ, ಕಾರ್ಡಿನ ಉಗ್ರಾಣವನ್ನು ನೇರವಾಗಿ ಓದಲು ವ್ಯಾನಿಗೆ ನಾಲ್ಕು ವರ್ಷದ ಹಿಂದೆ ತಾನೇ ಕೊಟ್ಟಿದ್ದ ಅನುಮತಿಯನ್ನು ಕಿತ್ತುಹಾಕಿದ್ದು. ಒಂದೇ ಸಾಲಿನ ಆಜ್ಞೆ. ಬೆರಳು ಒಂದು ಕ್ಷಣ ತಡೆಯಿತು. ಇದಾದ ಮೇಲೆ ಹಿಂದಕ್ಕೆ ದಾರಿಯಿಲ್ಲ. ಒತ್ತಿದಳು.

"ಎಬೆರ್, ಬಾ ಇಲ್ಲಿ. ನಿನ್ನ ಮನೇಲಿ ಯಾರದಾದ್ರೂ ವಿಳಾಸ ಬದಲಾದ ಕೂಡ್ಲೇ ನೀನು ಹೊರಗೆ ಕೂಗಿ ಹೇಳೋ ಹಾಗೆ ಮಾಡು. ವ್ಯಾನು ಅದನ್ನ ಕೇಳಿಸ್ಕೊಂಡು ತನ್ನ ಮನೇಲೇ ಒಂದು ಪ್ರತಿ ಬರೆದಿಟ್ಕೊಳ್ಳುತ್ತೆ. ಡಯಾಲಿಸಿಸ್‌ನವರದು ಮಾತ್ರ ಸಾಕು. ನಾಳೆ ನಿನ್ನ ಪ್ರೋಗ್ರಾಮು ಸತ್ತು ಮಲಗಿದ್ರೂ ವ್ಯಾನು ಹೊರಡ್ಬೇಕು."

"ವಿಳಾಸ ಒಂದು ದಿನ ಹಳೇದಾಗಿರಬಹುದಲ್ಲ?"

"ನಿನ್ನೆಯ ವಿಳಾಸಕ್ಕೆ ಹೋದ್ರೆ ಪಕ್ಕದ್ಮನೆಯವರು ಹೊಸ ಮನೆ ತೋರಿಸ್ತಾರೆ. ಖಾಲಿ ಹಾಳೆ ಯಾರನ್ನ ತೋರಿಸುತ್ತೆ?"

ಎಬೆರ್ ಬೆಳಗಿನಿಂದ ಮೊದಲ ಬಾರಿಗೆ ಉಸಿರು ಬಿಟ್ಟ. ಇಬ್ಬರೂ ಕೂತರು. ಒಂದೂವರೆ ಗಂಟೆ ಕೀಲಿಮಣೆ ಕುಟ್ಟಿದರು. ಅಷ್ಟರಲ್ಲಿ ಕುರ್ಬೆಲೊ ಕರೆಕಳಿಸಿದ.

ಅವನ ಕೋಣೆ ಬೆಚ್ಚಗಿತ್ತು. ಕುರ್ಬೆಲೊ ಒಳ್ಳೆಯ ಮನುಷ್ಯ. ಅದೇ ಅವನ ತೊಂದರೆ. ನಿಬಿಯಾಳ ಜೊತೆ ಒಂದೇ ಕೋಣೆಯಲ್ಲಿ ಕೆಲಸ ಕಲಿತವನು, ಯಾರಿಗೂ ನೋವಾಗದಂತೆ ಮಾತಾಡಿ ಮಾತಾಡಿ ಮೇಲೇರಿದವನು. ಇವತ್ತು ಟೈ ಕಟ್ಟಿದ್ದ. ಮಾಟೆ ತುಂಬಿ ಅವಳತ್ತ ಚಾಚಿದ. ಅವಳು ತೆಗೆದುಕೊಂಡಳು.

"ಕೂತ್ಕೊ. ನಾಳೆ ಹತ್ತು ಗಂಟೆಗೆ ನಿರ್ದೇಶಕರ ಸಭೆ. ವರದಿ ರೆಡಿ ಮಾಡಿದೀನಿ, ನಿನ್ನ ಸಹಿ ಒಂದು ಬೇಕು. ಈ ಪ್ರೋಗ್ರಾಮುಗಳನ್ನ ಕಟ್ಟಿದವಳು ನೀನಲ್ವಾ, ನಿನ್ನ ಮಾತಿಗೆ ತೂಕ ಇದೆ."

ಅವಳು ಓದಿದಳು. ಒಂದೂವರೆ ಪುಟ. ಕಾರ್ಡು ವಿಭಾಗದ ತೆಚೆರಾ ಅವರು ಇತರ ವಿಭಾಗಗಳಿಗೆ ತಿಳಿಸದೆ ಮಾಡಿದ ಬದಲಾವಣೆಯಿಂದ ಅಡಚಣೆ ಉಂಟಾಯಿತು. ಬದಲಾವಣೆಯನ್ನು ಹಿಂತೆಗೆದುಕೊಳ್ಳಲಾಗುವುದು. ಇನ್ನು ಮುಂದೆ ಯಾವ ಪ್ರೋಗ್ರಾಮಿನಲ್ಲಿ ಏನೇ ತಿದ್ದುವುದಿದ್ದರೂ ಆರೂ ವಿಭಾಗಗಳ ಒಪ್ಪಿಗೆ ಪಡೆಯತಕ್ಕದ್ದು, ಇದಕ್ಕಾಗಿ ಸಮಿತಿಯೊಂದನ್ನು ರಚಿಸಲಾಗುವುದು.

"ಏಳನೇ ಕೋಣೆ," ಎಂದಳು ನಿಬಿಯಾ.

"ಏನು?"

"ಏನಿಲ್ಲ. ಎಬೆರ್ ತನ್ನ ಮನೆಯೊಳಗೆ ತನ್ನ ಪಾತ್ರೆ ಜರುಗಿಸಿದಾನೆ. ಅದು ಅವನ ಹಕ್ಕು. ಅದಕ್ಕೇ ತಾನೇ ಗೋಡೆ ಕಟ್ಟಿದ್ದು ನಾವು?"

"ಅಯ್ಯೋ, ಅವನಿಗೇನೂ ಆಗಲ್ಲ ಕಣೇ. ಒಂದು ಎಚ್ಚರಿಕೆ ಪತ್ರ, ಅಷ್ಟೇ. ನಿರ್ದೇಶಕರಿಗೆ ಒಂದು ಹೆಸರು ಬೇಕು."

"ಹೆಸರು ಬೇಕಾ? ಎರಡಿವೆ. ಒಂದು ನಂದು, ಒಂದು ನಿಂದು. ತಂತಿ ಕಟ್ಟೋಣ ಅಂದೋನು ನೀನು, ಆಗ್ಲಿ ಅಂದೋಳು ನಾನು."

ಕುರ್ಬೆಲೊ ಬಾಗಿಲತ್ತ ನೋಡಿ ದನಿ ತಗ್ಗಿಸಿದ. "ಮೆಲ್ಲಗೆ ಮಾತಾಡು. ನಾನು ನಿನ್ನ ಉಳಿಸೋಕೆ ನೋಡ್ತಿದೀನಿ."

"ನನ್ನ ಉಳಿಸ್ಬೇಡ. ಎಲ್ಬಿಯಾ ಮೊರೇರಾನ ಉಳಿಸು. ಬುಧವಾರ ಐದೂವರೆಗೆ ಬಾಗಿಲಲ್ಲಿ ನಿಂತಿರ್ತಾಳೆ. ನಿನ್ನ ಸಮಿತಿ ಅವಳ ಮನೆಗೆ ವ್ಯಾನು ಕಳಿಸುತ್ತಾ? ಆರು ಜನ ಸಹಿ ಹಾಕದೆ ಒಂದು ಕಾಲಮ್ಮೂ ಅಲ್ಲಾಡಬಾರದು ಅಂದ್ರೆ ಏನು ಗೊತ್ತಾ? ಆ ಹಳೇ ಪ್ರೋಗ್ರಾಮು ಮುದುಕೀನ ಗುಂಡಿಯಿಂದ ಎಬ್ಬಿಸಿ ತಂದು ಮತ್ತೆ ಕುರ್ಚಿ ಮೇಲೆ ಕೂರಿಸಿದ ಹಾಗೆ. ಮೂರು ವರ್ಷ! ಅವಳನ್ನ ಹೂಳೋಕೆ ಮೂರು ವರ್ಷ ಹಿಡೀತು ನನಗೆ."

"ನೀನು ಯಾವಾಗ್ಲೂ ಹೀಗೇ, ಅತಿ ಮಾಡ್ತೀಯ. ಸಮಿತಿ ಅಂದ್ರೆ ಸಹಕಾರ. ಎಲ್ಲರೂ ಒಟ್ಟಿಗೆ..."

ನಿಬಿಯಾ ಕೈಯಲ್ಲಿದ್ದ ಬುರುಡೆಯನ್ನು ನೋಡಿದಳು. ಎರಡು ಬೆರಳಲ್ಲಿ ಲೋಹದ ಕೊಳವೆಯನ್ನು ಹಿಡಿದು ಅತ್ತಿಂದಿತ್ತ ಗರಗರ ತಿರುಗಿಸಿದಳು. ಒದ್ದೆ ಎಲೆಗಳು ಕಲಕಿ ಮೇಲೆ ಬಂದವು.

"ಏಯ್!" ಕುರ್ಬೆಲೊ ಕುರ್ಚಿಯಿಂದ ಅರ್ಧ ಎದ್ದ. ಅವನ ಮುಖಕ್ಕೆ ರಕ್ತ ನುಗ್ಗಿತ್ತು. "ಕೊಳವೆ ಮುಟ್ಟಬೇಡ! ಬುದ್ಧಿ ಇಲ್ವಾ ನಿಂಗೆ? ಹಾಳ್ಮಾಡಿಬಿಟ್ಯಲ್ಲ!"

"ನೋಡಿದ್ಯಾ? ನಿನ್ನ ಬುರುಡೆಗೆ ಒಂದ್ಸಲ ಕೈ ಹಾಕಿದ್ದಕ್ಕೇ ಎಷ್ಟು ಉರೀತು. ಎಬೆರ್ ಉಗ್ರಾಣಕ್ಕೆ ನಾವು ನಾಲ್ಕು ವರ್ಷದಿಂದ ಕೈ ಹಾಕ್ತಿದೀವಿ. ಈಗ ಕಟ್ಕೊಂಡಿದ್ದಕ್ಕೆ ಅವನನ್ನೇ ಬಯ್ತೀವಿ."

ಅವಳು ಕುರ್ಬೆಲೊನ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. ತೆಚೆರಾ ಎಂಬ ಹೆಸರಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಲರ್ರೋಸಾ ಎಂದು ಬರೆದಳು. ಸಮಿತಿಯ ಸಾಲಿಗೆ ಎರಡು ಗೆರೆ ಎಳೆದಳು, ಕಾಗದ ಹರಿಯುವಷ್ಟು ಒತ್ತಿ. ಕುರ್ಬೆಲೊನ ಹೆಸರು ಬರೆಯಲು ಜಾಗ ಬಿಟ್ಟಳು. ಅದನ್ನು ಅವನೇ ಬರೆಯಬೇಕು.

"ಸರಿ," ಎಂದ ಅವನು ಕೊನೆಗೆ, ಸೋತ ದನಿಯಲ್ಲಿ. "ಹೆಸರಿನ ವಿಷಯ ಆಮೇಲೆ ನೋಡೋಣ. ಈಗ ಎಬೆರ್‌ಗೆ ಆ ಕಾಲಮ್ಮನ್ನ ಹಳೇ ಥರಾ ಮಾಡೋಕೆ ಹೇಳು. ಬುಧವಾರ ಸುಸೂತ್ರವಾಗಿ ಆಗ್ಲಿ. ತಂತಿ ಬಿಚ್ಚೋದು ಮುಂದಿನ ತಿಂಗಳು ನಿಧಾನಕ್ಕೆ..."

"ತಂತಿ ಆಗ್ಲೇ ಕತ್ತರಿಸಿದೀನಿ."

"ಏನಂದೆ?"

"ಮಧ್ಯಾಹ್ನವೇ. ಹಳೇ ಥರಾ ಮಾಡಿದ್ರೂ ಇನ್ನು ಅದು ಓದಲ್ಲ."

"ಯಾರನ್ನ ಕೇಳಿ ಕತ್ತರಿಸ್ದೆ?"

"ಕಟ್ಟುವಾಗ ಯಾರನ್ನ ಕೇಳಿದ್ವಿ?"

ಕಿಟಕಿಯ ಗಾಜು ಗಾಳಿಗೆ ಒಮ್ಮೆ ನಡುಗಿತು. ಕುರ್ಬೆಲೊ ಟೈ ಸಡಿಲಿಸಿದ. ಅಭ್ಯಾಸಬಲದಿಂದ ಕೈ ಫ್ಲಾಸ್ಕಿನತ್ತ ಹೋಯಿತು. ಅವಳ ಕೈಯಿಂದ ಬುರುಡೆ ತೆಗೆದುಕೊಂಡು, ಕೊಳವೆಯನ್ನು ನೆಟ್ಟಗೆ ಕೂರಿಸಿ, ಮತ್ತೆ ನೀರು ಹೊಯ್ದು ಅವಳಿಗೇ ಚಾಚಿದ. ಅವನಿಗೆ ಗೊತ್ತಿದ್ದ ದಾರಿ ಅದೊಂದೇ.

"ನಾಳೆ ಒಳಗೆ ಆಗುತ್ತಾ? ನಿಜ ಹೇಳು."

"ಆಗುತ್ತೆ. ಆಗದಿದ್ರೆ ಮೂವತ್ತೆಂಟು ವಿಳಾಸವನ್ನೂ ನಾನು, ಸುಲ್ಮಾ ಕೈಯಲ್ಲಿ ಬರೆದು ಒಬ್ಬೊಬ್ಬ ಡ್ರೈವರ್ ಜೇಬಿಗೂ ಹಾಕ್ತೀವಿ. ಖಾಲಿ ಹಾಳೆ ಮಾತ್ರ ಇನ್ಮೇಲೆ ಈ ಕಟ್ಟಡದಿಂದ ಹೊರಗೆ ಹೋಗಲ್ಲ. ಪಟ್ಟಿ ಖಾಲಿ ಬಂದ್ರೆ ಮೊದಲು ನನ್ನ ಫೋನು ಹೊಡ್ಕೊಳ್ಳುತ್ತೆ, ಆಮೇಲೆ ನಿಂದು."

"ಆದ್ರೂ ನಿಬಿಯಾ, ಯೋಚ್ನೆ ಮಾಡು. ಇಪ್ಪತ್ತಾರು ವರ್ಷದ ಕೆಲಸ. ನಾವು ಕೂತು, ಇನ್ನೆರಡು ಮಾಟೆ ಕುಡಿದು, ಇಬ್ಬರಿಗೂ ಒಪ್ಪೋ ಹಾಗೆ ಆ ಸಾಲನ್ನ..."

ನಿಬಿಯಾ ಬುರುಡೆಯನ್ನು ಗೊರಗೊರ ಸದ್ದು ಬರುವವರೆಗೆ ಪೂರ್ತಿ ಹೀರಿದಳು. ಹಿಂದಿರುಗಿಸಿದಳು.

"ಗ್ರಾಸಿಯಾಸ್."

"ಒಂದೇ ಒಂದು, ಕೇಳು, ವರದಿಯ ಎರಡನೇ ಪುಟದಲ್ಲಿ ನಾವು ಹೀಗೆ ಬರೆದ್ರೆ..." ಎನ್ನುತ್ತ ಕುರ್ಬೆಲೊ ಫ್ಲಾಸ್ಕನ್ನು ಬಗ್ಗಿಸುತ್ತಿದ್ದ. ಅವಳು ಆಗಲೇ ಬಾಗಿಲು ದಾಟಿ, ಅಂಗಿಯ ತೋಳು ಮಡಿಸಿಕೊಳ್ಳುತ್ತ, ಎಬೆರನ ಮೇಜಿನತ್ತ ನಡೆಯುತ್ತಿದ್ದಳು.